ಮುಪ್ಪಿನಲ್ಲಿ ಮೆದುಳಿನ ರಕ್ಷಣೆ: ಸಸಾರಜನಕದ ಡಬ್ಬಿಯೂ ವ್ರತಿಕರ ಅಡಿಗೆಮನೆಯೂ

ದಶಲಕ್ಷಣ ಪರ್ವವು ಸಮೀಪಿಸುತ್ತಿರುವಾಗ ಪಟ್ಟಣಗಳಲ್ಲಿ ನೆಲೆಸಿರುವ ಮಕ್ಕಳು ಊರಿನಲ್ಲಿರುವ ತಂದೆತಾಯಿಗಳಿಗೆ ಪುಡಿಯ ದೊಡ್ಡ ಡಬ್ಬಿಯೊಂದನ್ನು ಕಳುಹಿಸುವ ಪದ್ಧತಿ ಈಚಿನ ವರ್ಷಗಳಲ್ಲಿ ಬೆಳೆದಿದೆ. ಡಬ್ಬಿಯ ಮೇಲೆ ಪ್ರೋಟೀನ್ ಎಂಬ ಮಾತು ದಪ್ಪ ಅಕ್ಷರಗಳಲ್ಲಿರುತ್ತದೆ. ಕೆಲವದರ ಮೇಲೆ ನೆನಪಿನ ಶಕ್ತಿಗೂ ಸಹಾಯಕವೆಂಬ ಅರ್ಥದ ಮಾತೂ ಉಂಟು. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನೂ ಉಳಿದ ದಿನಗಳಲ್ಲಿ ಏಕಭುಕ್ತವನ್ನೂ ಬಹುಕಾಲದಿಂದ ಪಾಲಿಸಿಕೊಂಡು ಬಂದ ಹಿರಿಯ ಶ್ರಾವಿಕೆಯೊಬ್ಬರು ಮಾತಿನ ನಡುವೆ ಮೊಮ್ಮಕ್ಕಳ ಹೆಸರನ್ನು ಮರೆಯತೊಡಗಿದಾಗ, ಸಾಮಾಯಿಕಕ್ಕೆ ಕುಳಿತವರು ಪಾಠದ ಅರ್ಧದಲ್ಲಿ ದಿಕ್ಕುತೋಚದೆ ನಿಂತುಬಿಟ್ಟಾಗ, ಮನೆಯವರಿಗೆ ಭಯ ಹುಟ್ಟುವುದು ಸಹಜ. ಉಪವಾಸ ಮಾಡಿ ಮಾಡಿಯೇ ಹೀಗಾಯಿತೆಂದು ಒಬ್ಬರು, ಡಬ್ಬಿಯ ಪುಡಿಯನ್ನು ಹಾಲಿಗೆ ಹಾಕಿ ಕುಡಿಸಿದರೆ ಸರಿಹೋಗುವುದೆಂದು ಇನ್ನೊಬ್ಬರು. ಈ ಎರಡು ಮಾತುಗಳಲ್ಲಿ ಸತ್ಯಾಂಶವೆಷ್ಟು ಎಂಬುದೇ ಈ ಪಾಠದ ವಿಷಯ.

ವ್ರತಿಗಳಿಗೆ ಈ ವಿಷಯವು ದೇಹಾರೋಗ್ಯಕ್ಕೆ ಮಾತ್ರ ಸಂಬಂಧಿಸಿದುದಲ್ಲ. ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿ ಸ್ಮೃತಿಯನ್ನು ಮತಿಜ್ಞಾನದ ಪರ್ಯಾಯಗಳಲ್ಲಿ ಎಣಿಸಲಾಗಿದೆ. ಮತಿಜ್ಞಾನವು ಇಂದ್ರಿಯ ಮತ್ತು ಮನಸ್ಸುಗಳ ನಿಮಿತ್ತದಿಂದ ಉಂಟಾಗುವುದೆಂದೂ ಅಲ್ಲಿಯೇ ತಿಳಿಸಲಾಗಿದೆ. ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಸಾಮಾಯಿಕ ಮತ್ತು ಪ್ರೋಷಧೋಪವಾಸ ಈ ಎರಡು ಶಿಕ್ಷಾವ್ರತಗಳಿಗೂ ಹೇಳಿರುವ ಅತಿಚಾರಗಳಲ್ಲಿ ಸ್ಮೃತ್ಯನುಪಸ್ಥಾನವೂ ಒಂದು. ಏಕಾಗ್ರತೆಯಿಲ್ಲದೆ ವ್ರತವನ್ನು ಮರೆಯುವುದು ಎಂದು ಅದರ ಭಾವ. ರೋಗದಿಂದ ಬಂದ ಮರೆವಿಗೆ ವ್ರತಿಯನ್ನು ದೋಷಿಯನ್ನಾಗಿಸುವುದು ಸಲ್ಲದು. ಆದರೆ ತಡೆಯಬಹುದಾಗಿದ್ದ ಮರೆವನ್ನು ತಡೆಯದೆ ಹೋದರೆ ಆ ಪ್ರಮಾದವು ಮನೆಯವರದು. ಜೀವನವೆಲ್ಲ ಕಟ್ಟಿಕೊಂಡು ಬಂದ ನಿಯಮವು ಕೊನೆಯ ವರ್ಷಗಳಲ್ಲಿ ಕೈಜಾರಿಹೋಗುವುದು ಸಣ್ಣ ನಷ್ಟವಲ್ಲ.

ಸಸಾರಜನಕಕ್ಕೂ ಮೆದುಳಿಗೂ ಸಂಬಂಧವಿದೆಯೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಒಡೆಯರಪಾಳ್ಯದ ಹೊಲಗಳಿಂದಲೇ ಹೊರಡಬಹುದು. ಹನೂರು ತಾಲ್ಲೂಕಿನಲ್ಲಿ, ಲೊಕ್ಕನಹಳ್ಳಿಯ ಆಚೆಗೆ, ಬಿಳಿಗಿರಿರಂಗನ ಬೆಟ್ಟಸಾಲಿನ ಮಗ್ಗುಲಲ್ಲಿರುವ ಈ ಊರಿನ ಬಳಿ 1973-74ರ ಸುಮಾರಿಗೆ ಟಿಬೆಟಿನ ನಿರಾಶ್ರಿತರ ವಸತಿಯೊಂದು ನೆಲೆಗೊಂಡಿತು. ತಮ್ಮ ನಾಡಿನಲ್ಲಿ ಜವೆಗೋಧಿಯ ಹುರಿಹಿಟ್ಟನ್ನು ಉಣ್ಣುತ್ತಿದ್ದ ಆ ಜನ ಇಲ್ಲಿ ಮುಸುಕಿನ ಜೋಳವನ್ನು ಮುಖ್ಯ ಬೆಳೆಯಾಗಿ ಮಾಡಿಕೊಂಡರು. ಸುತ್ತಣ ಹಳ್ಳಿಗಳ ಹಳೆಯ ಆಹಾರವೆಂದರೆ ರಾಗಿ, ಅವರೆ, ಹುರಳಿ, ತೊಗರಿ. ಈ ಎರಡು ಬಗೆಯ ಧಾನ್ಯಗಳ ನಡುವಣ ವ್ಯತ್ಯಾಸದಲ್ಲಿ ಮೆದುಳಿನ ಆಹಾರದ ಒಂದು ಮುಖ್ಯ ಪಾಠವಿದೆ.

ಸಸಾರಜನಕವು ಒಂದೇ ವಸ್ತುವಲ್ಲ. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳು ಬೇರೆ ಬೇರೆ ಪ್ರಮಾಣದಲ್ಲಿ ಹೆಣೆದುಕೊಂಡು ಆದದ್ದು. ಅವುಗಳಲ್ಲಿ ಒಂಬತ್ತನ್ನು ದೇಹವು ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಮೆದುಳಿನ ನರಕಣಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ಹಲವು ರಸಾಯನಗಳು ಈ ಅಮೈನೊ ಆಮ್ಲಗಳಿಂದಲೇ ಆಗತಕ್ಕವು. ಮುಸುಕಿನ ಜೋಳದಲ್ಲಿ ಟ್ರಿಪ್ಟೊಫಾನ್ ಮತ್ತು ಲೈಸಿನ್ ಎಂಬ ಎರಡು ಕಡಿಮೆ. ಟ್ರಿಪ್ಟೊಫಾನ್‌ನಿಂದ ದೇಹವು ನಯಾಸಿನ್ ಎಂಬ ಅನ್ನಾಂಗವನ್ನೂ ಮಾಡಿಕೊಳ್ಳುತ್ತದೆ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮುಸುಕಿನ ಜೋಳವನ್ನೇ ನಂಬಿ ಬದುಕಿದ ಬಡವರಿಗೆ ಪೆಲ್ಲಗ್ರ ಎಂಬ ರೋಗ ಬಂದು, ಚರ್ಮ ಸುಟ್ಟಂತಾಗಿ, ಭೇದಿಯಾಗಿ, ಕಡೆಗೆ ಬುದ್ಧಿಯೇ ಕದಡಿಹೋಗುತ್ತಿತ್ತು. ಹುಚ್ಚಾಸ್ಪತ್ರೆಗಳಲ್ಲಿ ಸೇರಿದ್ದ ಎಷ್ಟೋ ಮಂದಿಗೆ ಬೇಕಾಗಿದ್ದುದು ಒಳ್ಳೆಯ ಊಟ ಎಂಬುದನ್ನು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು 1914ರಿಂದ ಮುಂದೆ ತೋರಿಸಿಕೊಟ್ಟರು. ನಮ್ಮ ದಖನ್ನಿನ ಬಿಳಿಜೋಳದ ಸೀಮೆಯಲ್ಲಿಯೂ ಈ ರೋಗವಿದ್ದುದನ್ನು ಹೈದರಾಬಾದಿನ ಪೋಷಣ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿನಲ್ಲಿ ವಿವರಿಸಿದರು. ಇಂದು ಅದು ಬಹಳ ವಿರಳ. ಆದರೂ ಧಾನ್ಯವೊಂದನ್ನೇ ಉಂಡರೆ ಬುದ್ಧಿಗೆ ಕೇಡಾದೀತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಕಾಳುಗಳಲ್ಲಿ ಧಾರಾಳವಾಗಿದೆ; ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿದೆ. ಮುದ್ದೆಗೆ ಹುರಳಿಯ ಸಾರು, ಅವರೆಯ ಹುಳಿ ಎಂಬ ಜೋಡಣೆಯನ್ನು ಕೊಳ್ಳೇಗಾಲದ ಕಡೆಯವರು ಯಾವ ಪುಸ್ತಕವನ್ನೂ ಓದಿ ಮಾಡಿದ್ದಲ್ಲ.

ಪುಡಿಯ ಡಬ್ಬಿಯ ಕಲ್ಪನೆಯೂ ಈ ಸೀಮೆಗೆ ಹೊಸದಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯ ಕಟ್ಟಡದಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ, ಅನ್ನಾಂಗಗಳನ್ನು ಸೇರಿಸಿ ವಿವಿಧೋದ್ದೇಶ ಆಹಾರವೆಂಬ ಪುಡಿಯನ್ನು ರೂಪಿಸಿತು. ಅನಂತರ ಕಡಲೆಕಾಯಿಯ ಸಸಾರಜನಕವನ್ನು ಎಮ್ಮೆಯ ಹಾಲಿಗೆ ಕೂಡಿಸಿದ ಮಿಲ್ಟೋನ್ ಎಂಬ ಪಾನೀಯವೂ ಅಲ್ಲಿಂದಲೇ ಬಂತು. ಲೋಕಕ್ಕೆಲ್ಲ ಸಸಾರಜನಕದ ಬರ ಬಂದಿದೆಯೆಂದು ವಿಶ್ವಸಂಸ್ಥೆಯೇ ಎಚ್ಚರಿಸುತ್ತಿದ್ದ ಕಾಲವದು. ಪಿ. ವಿ. ಸುಖಾತ್ಮೆಯವರೂ ಗೋಪಾಲನ್ನರೂ ಇದನ್ನು ಒಪ್ಪಲಿಲ್ಲ. ಬಡವರಿಗೆ ಕೊರತೆಯಿರುವುದು ಪುಡಿಯದಲ್ಲ, ಹೊಟ್ಟೆತುಂಬ ಊಟದ್ದು. ಊಟ ಸಾಕಷ್ಟಾದರೆ ಸಸಾರಜನಕವೂ ಬಹುಮಟ್ಟಿಗೆ ತಾನಾಗಿ ಸಾಲುತ್ತದೆ ಎಂಬುದು ಅವರ ವಾದ. 1974ರ ಹೊತ್ತಿಗೆ ಆ ಹಿಂದಿನ ಗಾಬರಿ ಅತಿಯಾಯಿತೆಂದು ಪಾಶ್ಚಾತ್ಯ ವೈದ್ಯರೂ ಬರೆದರು. ಇಂದಿನ ಡಬ್ಬಿಗಳ ಜಾಹೀರಾತನ್ನು ಓದುವಾಗ ಈ ಹಳೆಯ ಕಥೆಯನ್ನು ನೆನೆಯುವುದು ಒಳ್ಳೆಯದು.

ಇನ್ನು ಮುಪ್ಪಿನ ಮೆದುಳಿನ ವಿಷಯದಲ್ಲಿ ನಡೆದಿರುವ ಪರೀಕ್ಷೆಗಳನ್ನು ನೋಡಬಹುದು. ಜಪಾನಿನ ವಿಜ್ಞಾನಿಗಳು 2021ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಸಸಾರಜನಕ ಕಡಿಮೆಯಾದಾಗ ರೋಗಪೀಡಿತ ಇಲಿಗಳ ಮೆದುಳು ಬೇಗ ಕ್ಷಯಿಸಿತು, ಏಳು ಅಮೈನೊ ಆಮ್ಲಗಳ ಮಿಶ್ರಣವನ್ನು ಕೊಟ್ಟಾಗ ಆ ಕ್ಷಯ ತಗ್ಗಿತು ಎಂಬುದು ಅದರ ಸಾರ. ಮೂಕಪ್ರಾಣಿಗಳನ್ನು ನೋಯಿಸಿ ಪಡೆದ ಜ್ಞಾನವನ್ನು ವ್ರತದ ಪತ್ರಿಕೆಯಲ್ಲಿ ಉಲ್ಲೇಖಿಸಲು ಮನಸ್ಸು ಹಿಂಜರಿಯುತ್ತದೆ. ಡಬ್ಬಿಗಳ ಪ್ರಚಾರಕ್ಕೆ ಇಂಥ ಪ್ರಯೋಗಗಳೇ ಆಧಾರವಾಗುವುದರಿಂದ ಹೇಳದೆ ವಿಧಿಯಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಆಗುವುದೆಂದು ಹೇಳಲಾಗದು. ಮನುಷ್ಯರ ಮೇಲಿನ ಪರೀಕ್ಷೆಗಳ ಫಲ ಇನ್ನೂ ಸಾಧಾರಣವಾದುದು. ನೆದರ್ಲೆಂಡ್ಸಿನಲ್ಲಿ ದುರ್ಬಲರಾದ ವೃದ್ಧರಿಗೆ ದಿನಕ್ಕೆ ಎರಡು ಸಲ 15 ಗ್ರಾಮಿನಂತೆ 24 ವಾರ ಸಸಾರಜನಕವನ್ನು ಕೊಟ್ಟು ನೋಡಿ 2014ರಲ್ಲಿ ವರದಿ ಮಾಡಿದರು. ಪ್ರತಿಕ್ರಿಯೆಯ ವೇಗ ಸ್ವಲ್ಪ ಹೆಚ್ಚಿತು; ನೆನಪು ಸುಧಾರಿಸಲಿಲ್ಲ. ಅಮೆರಿಕದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯ ಆಹಾರವನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದರಲ್ಲಿ, ವಿಶೇಷವಾಗಿ ಸಸ್ಯಮೂಲದ ಸಸಾರಜನಕವನ್ನು, ಅದರಲ್ಲಿಯೂ ಕಾಳುಗಳನ್ನು ಹೆಚ್ಚಾಗಿ ತಿಂದವರು ಮರೆವಿನ ದೂರನ್ನು ಕಡಿಮೆ ಹೇಳಿಕೊಂಡರೆಂದು 2022ರಲ್ಲಿ ಪ್ರಕಟವಾಯಿತು. ಕಾಳು ತಿನ್ನುವವರು ಬೇರೆ ವಿಧದಲ್ಲಿಯೂ ನಿಯಮವಂತರಾಗಿದ್ದಿರಬಹುದು. ಆದುದರಿಂದ ಇದನ್ನು ಸಿದ್ಧಾಂತವೆನ್ನಲಾಗದು, ಶಾಕಾಹಾರಿಗಳಿಗೆ ಧೈರ್ಯವನ್ನು ಕೊಡುವ ಸಂಗತಿಯೆನ್ನಬಹುದು.

ಎಲ್ಲಕ್ಕಿಂತ ವಿಚಾರಾರ್ಹವಾದುದು ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2024ರಲ್ಲಿ ಪ್ರಕಟಿಸಿದ ಅವಳಿಗಳ ಪರೀಕ್ಷೆ. ಅರವತ್ತು ಮೀರಿದ 36 ಜೊತೆ ಅವಳಿಗಳಿಗೆ 12 ವಾರ ಕಾಲ ಸಸಾರಜನಕದ ಪುಡಿಯನ್ನು ಕೊಟ್ಟು ವ್ಯಾಯಾಮವನ್ನೂ ಮಾಡಿಸಿದರು. ಪ್ರತಿ ಜೊತೆಯಲ್ಲಿ ಒಬ್ಬರಿಗೆ ಮಾತ್ರ ಪುಡಿಯೊಡನೆ ಒಂದು ಬಗೆಯ ನಾರನ್ನು ಬೆರೆಸಿದರು. ಮಾಂಸಖಂಡದ ಬಲದಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ನೆನಪಿನ ಪರೀಕ್ಷೆಯಲ್ಲಿ ನಾರು ಸೇವಿಸಿದವರು ಮುಂದಾದರು. ಸಸಾರಜನಕ ಇಬ್ಬರಿಗೂ ಸಮಾನವಾಗಿದ್ದುದರಿಂದ ಮೇಲುಗೈಯ ಕಾರಣ ನಾರೇ ಹೊರತು ಪುಡಿಯಲ್ಲ. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಆ ನಾರನ್ನು ಮಾರ್ಪಡಿಸಿದಾಗ ಮೆದುಳಿಗೆ ಅನುಕೂಲವಾಗುವುದೆಂದು ಊಹಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಇನುಲಿನ್ ಎಂಬ ಈ ನಾರನ್ನು ಸಾಮಾನ್ಯವಾಗಿ ಚಿಕೋರಿಯ ಬೇರಿನಿಂದ ತೆಗೆಯುತ್ತಾರೆ. ಕಂದಮೂಲ ತ್ಯಾಗಿಗಳು ಇದನ್ನು ಗಮನಿಸಬೇಕು. (ಚಿಕೋರಿ ಬೆರೆತ ಕಾಫಿಯ ಬಗ್ಗೆಯೂ ಇದೇ ಮಾತು, ಆದರೆ ಆ ಪ್ರಶ್ನೆಯನ್ನೆತ್ತಿದರೆ ಎಷ್ಟೋ ಮನೆಗಳಲ್ಲಿ ಬೆಳಗಿನ ಶಾಂತಿ ಕೆಟ್ಟೀತು.) ಬೇರಿಗೆ ಹೋಗಬೇಕಾದ ಅವಶ್ಯಕತೆಯಾದರೂ ಏನು? ಹುರಳಿ, ಕಡಲೆ, ಅವರೆ ಮೊದಲಾದ ಕಾಳುಗಳಲ್ಲಿ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಇಂಥದೇ ಬೇರೆ ಶರ್ಕರಗಳಿವೆ. ಕಾಳು ತಿಂದರೆ ವಾಯುವಾಗುತ್ತದೆಂದು ಹಿರಿಯರು ದೂರುವುದು ಅವುಗಳ ಕಾರಣದಿಂದಲೇ.

ಡಬ್ಬಿಯೊಳಗಿರುವುದೇನೆಂಬುದು ಜೈನ ಮನೆಗಳಿಗೆ ಬೇರೆಯೇ ಆದ ವಿಚಾರ. ಹೆಚ್ಚಿನ ಪುಡಿಗಳು ಹಾಲಿನ ತೆಳಿಯಿಂದ ಆದವು. ಚೀಸ್ ಮಾಡುವಾಗ ಹಾಲನ್ನು ಒಡೆಸಿ ಗಟ್ಟಿಯನ್ನು ತೆಗೆದ ಮೇಲೆ ಉಳಿಯುವ ನೀರೇ ಈ ತೆಳಿ. ಹಾಲನ್ನು ಒಡೆಸಲು ಕೆಲವು ದೇಶಗಳಲ್ಲಿ ಎಳೆಗರುವಿನ ಜಠರದಿಂದ ತೆಗೆದ ರೆನೆಟ್ ಎಂಬ ದ್ರವ್ಯವನ್ನು ಬಳಸುವುದುಂಟು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ದ್ರವ್ಯವನ್ನು ಬಳಸುವುದೂ ಈಗ ವ್ಯಾಪಕವಾಗಿದೆ. ಯಾವುದನ್ನು ಬಳಸಿದರೆಂಬುದು ಡಬ್ಬಿಯ ಮೇಲೆ ಸಾಮಾನ್ಯವಾಗಿ ಕಾಣದು. ಕೊಲಾಜೆನ್ ಎಂಬ ಹೆಸರಿನ ಪುಡಿಯಂತೂ ಪ್ರಾಣಿಗಳ ಚರ್ಮ, ಮೂಳೆ ಅಥವಾ ಮೀನಿನಿಂದ ಬಂದದ್ದು. ಔಷಧಿಯ ಮೆದು ಗುಳಿಗೆಗಳ ಕವಚ ಬಹುಮಟ್ಟಿಗೆ ಜೆಲಾಟಿನ್, ಅದೂ ಪ್ರಾಣಿಜನ್ಯ. ಡಿ-3 ಅನ್ನಾಂಗವನ್ನು ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಹಸಿರು ಚುಕ್ಕೆಯಿದ್ದರೆ ಸಾಕೆಂದು ತಿಳಿಯುವುದು ತಪ್ಪು. ಸರಕಾರದ ನಿಯಮದಂತೆ ಜೇನುತುಪ್ಪಕ್ಕೂ ಗಡ್ಡೆಗೆಣಸಿಗೂ ಹಸಿರು ಚುಕ್ಕೆಯೇ. ಮಧುತ್ಯಾಗವು ಮೂಲಗುಣಗಳಲ್ಲಿ ಒಂದಾಗಿರುವ ನಮಗೆ ಅದು ಸಾಲದು. ಹಾಲಿನ ತೆಳಿಯನ್ನೂ ಬಟಾಣಿ ಅಥವಾ ಸೋಯಾದ ಸತ್ತ್ವವನ್ನೂ ಒಂದೇ ಡಬ್ಬಿಯಲ್ಲಿ ಬೆರೆಸುವುದಿದೆ. ದ್ವಿದಳ ದೋಷವನ್ನು ಪಾಲಿಸುವವರು, ಅಂದರೆ ಕಾಯಿಸದ ಹಾಲು ಮೊಸರುಗಳೊಡನೆ ಬೇಳೆಯನ್ನು ಸೇರಿಸದವರು, ಈ ಬಗ್ಗೆ ತಮ್ಮ ಗುರುಗಳನ್ನು ಕೇಳುವುದು ಉಚಿತ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯೆಂದು ನಡೆಸುವ ಮನೆಗಳಲ್ಲಿ ತಿಂಗಳುಗಳ ಹಿಂದೆ ಮುಚ್ಚಿದ ಡಬ್ಬಿಗೆ ಎಡೆಯೇ ಇಲ್ಲ.

ಔಷಧಿಯ ನೆಪದಲ್ಲಿ ಅಭಕ್ಷ್ಯವನ್ನು ಒಪ್ಪಬೇಕಾಗಿಲ್ಲ ಎಂಬುದು ಕನ್ನಡ ನಾಡಿನ ಜೈನ ವೈದ್ಯರು ಬಹು ಹಿಂದೆಯೇ ಹಿಡಿದ ಪಕ್ಷ. ರಾಷ್ಟ್ರಕೂಟರ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂಬ ಭಾಗವನ್ನೇ ಸೇರಿಸಿ, ಮಾಂಸವು ಔಷಧವಾಗಲಾರದೆಂದು ವಾದಿಸಿದ್ದಾರೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂದು ಕನ್ನಡಿಸುವಾಗ ಮದ್ಯ ಮಾಂಸ ಮಧುಗಳಿಲ್ಲದ ಚಿಕಿತ್ಸೆಯನ್ನೇ ಹೇಳಿದ್ದಾನೆ. ಆ ಪೂಜ್ಯಪಾದರು ತಪಸ್ಸು ಮಾಡಿದರೆಂದು ಪರಂಪರೆಯು ಹೇಳುವ ಕನಕಗಿರಿಯು ಇದೇ ಚಾಮರಾಜನಗರ ಜಿಲ್ಲೆಯ ಮಲೆಯೂರಿನಲ್ಲಿದೆ.

ಹಾಗಾದರೆ ವೃದ್ಧರಿಗೆ ದಿನಕ್ಕೆ ಎಷ್ಟು ಸಸಾರಜನಕ ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಮನ್ನು ಗೊತ್ತುಪಡಿಸಿತು. ವೃದ್ಧರಿಗೆ 1ರಿಂದ 1.2 ಗ್ರಾಮಿನವರೆಗೆ ಇರಲಿ ಎಂಬುದು 2013ರಲ್ಲಿ ತಜ್ಞರ ಅಂತರರಾಷ್ಟ್ರೀಯ ಮಂಡಳಿಯೊಂದು ಕೊಟ್ಟ ಸಲಹೆ. ಮುಪ್ಪಿನಲ್ಲಿ ಮಾಂಸಖಂಡಗಳು ಬೇಗ ಕರಗುವುದೇ ಅದಕ್ಕೆ ಕಾರಣ. ಮೂತ್ರಪಿಂಡದ ರೋಗವಿರುವವರಿಗೆ ಈ ಲೆಕ್ಕ ಅನ್ವಯಿಸದು. ಅವರಿಗೆ ಹೆಚ್ಚು ಸಸಾರಜನಕವೇ ಹಾನಿಕರ, ವೈದ್ಯರನ್ನು ಕೇಳದೆ ಪುಡಿಯನ್ನು ಮುಟ್ಟಲಾಗದು. ಐವತ್ತು ಕಿಲೋ ತೂಕದ ತಾಯಿಯೊಬ್ಬರಿಗೆ ಸುಮಾರು 50 ಗ್ರಾಮ್ ಎಂದು ಇಟ್ಟುಕೊಂಡರೆ, ಅದು ಹೀಗೆ ಒದಗುತ್ತದೆ: 100 ಗ್ರಾಮ್ ರಾಗಿಹಿಟ್ಟಿನ ಮುದ್ದೆಯಲ್ಲಿ 7, 75 ಗ್ರಾಮ್ ಅಕ್ಕಿಯ ಅನ್ನದಲ್ಲಿ 6, ಹುಳಿಗೆ ಹಾಕಿದ 40 ಗ್ರಾಮ್ ತೊಗರಿಬೇಳೆಯಲ್ಲಿ 9, ಹುರಳಿ ಅಥವಾ ಒಣ ಅವರೆ 30 ಗ್ರಾಮಿನಲ್ಲಿ 6ರಿಂದ 7, ಎರಡು ದೊಡ್ಡ ಲೋಟ, ಅಂದರೆ 300 ಮಿಲಿಲೀಟರ್ ಹಾಲಿನಲ್ಲಿ 10, ಬೇರೆ ಹೊತ್ತಿಗೆ ಒಂದು ಸಣ್ಣ ಬಟ್ಟಲು ಮೊಸರಿನಲ್ಲಿ 3, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 6. ಒಟ್ಟು ಸುಮಾರು 48. ಡಬ್ಬಿಯಿಲ್ಲದೆಯೇ ಲೆಕ್ಕ ಸರಿಹೋಯಿತು.

ಆದರೆ ಈ ಲೆಕ್ಕ ಸುಲಭವಾಗಿ ಕುಸಿಯುವುದೂ ಉಂಟು. ಏಕಭುಕ್ತದವರು ಇಷ್ಟನ್ನು ಒಂದೇ ಕೂಟಿನಲ್ಲಿ ಉಣ್ಣಲಾರರು. ಹಲ್ಲು ಬಿದ್ದವರು ಕಾಳನ್ನೂ ಕಡಲೆಕಾಯಿಯನ್ನೂ ಸದ್ದಿಲ್ಲದೆ ಬಿಟ್ಟುಬಿಟ್ಟು ತಿಳಿಸಾರು ಅನ್ನದಲ್ಲಿ ಊಟ ಮುಗಿಸುತ್ತಾರೆ. ಬಡಿಸುವವರು ಅದನ್ನು ವೈರಾಗ್ಯವೆಂದು ಭಾವಿಸುತ್ತಾರೆ. ಮೊಳಕೆ ಬಂದ ಕಾಳು ಅನಂತಕಾಯವೆಂದು ವರ್ಜ್ಯ. ಹರಿತಕಾಯ ತ್ಯಾಗದ ದಿನಗಳಲ್ಲಿ ಸೊಪ್ಪಿಲ್ಲ. ರಸಪರಿತ್ಯಾಗದಲ್ಲಿ ಹಾಲು ಮೊಸರು ಬಿಟ್ಟವರಿಗೆ 13 ಗ್ರಾಮು ಹೋಯಿತು. ಹೀಗಿರಲು ಅಡಿಗೆಮನೆ ಅನುಸರಿಸಬೇಕು: ಬೇಳೆಯನ್ನು ತಿಳಿಯಾಗಿಸದೆ ಮಂದವಾಗಿ ಮಸೆದು ಬಡಿಸುವುದು, ಹುರಳಿಯನ್ನು ಹುರಿದು ಒಡೆದು ನುಣ್ಣಗೆ ಬೇಯಿಸುವುದು, ಕಡಲೆಕಾಯಿಯನ್ನು ಚಟ್ನಿಪುಡಿಯಾಗಿಸುವುದು. ರಾಗಿ, ಹುರಿಗಡಲೆ, ಹೆಸರುಬೇಳೆಗಳನ್ನು ಹುರಿದು ಮರ್ಯಾದೆಗೆ ತಕ್ಕಷ್ಟೇ ಬೀಸಿಟ್ಟುಕೊಂಡ ಹುರಿಹಿಟ್ಟನ್ನು ಕಾದ ಹಾಲಿನಲ್ಲಿ ಕಲಸಿಕೊಟ್ಟರೆ ಅದೇ ಮನೆಯ ಪುಡಿ.

ಸಸಾರಜನಕಕ್ಕಿಂತ ಹೆಚ್ಚಾಗಿ ಶಾಕಾಹಾರಿ ವೃದ್ಧರ ನೆನಪನ್ನು ಕೆಡಿಸುವುದು ಬಿ-12 ಅನ್ನಾಂಗದ ಕೊರತೆ. ಇದು ಧಾನ್ಯ, ಬೇಳೆ, ತರಕಾರಿಗಳಲ್ಲಿ ಇಲ್ಲ. ನಮಗಿರುವ ದಾರಿ ಹಾಲು ಮೊಸರು ಮಾತ್ರ. ಮುಪ್ಪಿನಲ್ಲಿ ಜಠರದ ಆಮ್ಲ ತಗ್ಗಿದಾಗ ಇದು ಸರಿಯಾಗಿ ಹೀರಲ್ಪಡದು. ಸಕ್ಕರೆರೋಗಕ್ಕೆ ಮೆಟ್‌ಫಾರ್ಮಿನ್, ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆ ಎಂದು ವರ್ಷಗಟ್ಟಲೆ ನುಂಗುವವರಲ್ಲಿ ಕೊರತೆ ಇನ್ನೂ ಹೆಚ್ಚು. ಪಿತ್ತಜನಕಾಂಗದಲ್ಲಿ ಕೆಲವು ವರ್ಷಗಳಿಗಾಗುವಷ್ಟು ಸಂಗ್ರಹವಿರುವುದರಿಂದ ಹಾಲು ಬಿಟ್ಟ ಒಡನೆ ಏನೂ ತಿಳಿಯದು. ಬಹುಕಾಲದ ಮೇಲೆ ಕಾಲು ಜೋಮುಹಿಡಿಯುವುದು, ನಡಿಗೆ ತೊಡರುವುದು, ಮರೆವು, ಮಂಕು ಕಾಣುತ್ತವೆ. ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುವ, ಬೇಗ ಕಂಡರೆ ವಾಸಿಯಾಗುವ ಮರೆವು ಇದು. ಬಹಳ ತಡವಾದರೆ ನರಗಳ ಹಾನಿ ಪೂರ್ತಿ ಮರಳದು. ಔಷಧದ ಬಿ-12 ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ಆಗುವುದು, ಮಾಂಸದಿಂದಲ್ಲ. ಜೆಲಾಟಿನ್ ಕವಚದ ಬದಲು ಮಾತ್ರೆಯನ್ನೋ ಸೂಜಿಮದ್ದನ್ನೋ ಕೊಡಿರೆಂದು ಕೇಳಬಹುದು. ತಾಯಿಗೆ ಪುಡಿಯ ಡಬ್ಬಿಯನ್ನು ಕೊಳ್ಳುವ ಹಣದಲ್ಲಿ ಮೊದಲು ಈ ಪರೀಕ್ಷೆಯನ್ನು ಮಾಡಿಸಿದರೆ ಉತ್ತಮ.

ಮರೆವಿನ ರೋಗವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿರುವ ಕಾರಣಗಳನ್ನು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಹದಿನಾಲ್ಕೆಂದು ಎಣಿಸಿತು. ರಕ್ತದೊತ್ತಡ, ಸಕ್ಕರೆರೋಗ, ಕೆಟ್ಟ ಕೊಬ್ಬು, ಧೂಮಪಾನ, ಮದ್ಯ, ನಡೆದಾಡದಿರುವುದು, ಒಂಟಿತನ, ಖಿನ್ನತೆ, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು ಮೊದಲಾದವು ಅದರಲ್ಲಿವೆ. ಸಸಾರಜನಕದ ಪುಡಿಯ ಕೊರತೆ ಅದರಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷವರ್ಷವೂ ಪರೀಕ್ಷಿಸುತ್ತ, ರಾಗಿ ಉಂಡು ಬೆಳೆದ ನಮ್ಮವರ ಮೆದುಳು ಹೇಗೆ ಮುಪ್ಪಾಗುತ್ತದೆಂದು ಕಲಿಯುತ್ತಿದೆ. ಬಸದಿಯ ಸ್ವಾಧ್ಯಾಯಕ್ಕೆ ಬರುವುದನ್ನು ನಿಲ್ಲಿಸಿದ ಹಿರಿಯರನ್ನು ವಿಚಾರಿಸಿದರೆ, ಎಷ್ಟೋ ಸಲ ಕಾರಣ ಶ್ರದ್ಧೆಯ ಕೊರತೆಯಲ್ಲ, ಕಣ್ಣಿನ ಪೊರೆ ಅಥವಾ ಕಿವಿ.

ಕೊನೆಯದಾಗಿ ಉಪವಾಸ. ಆರೋಗ್ಯವಂತರ ಒಂದು ದಿನದ ಅನಶನದಲ್ಲಿ ಮೆದುಳು ಹಸಿಯದು. ಪಿತ್ತಜನಕಾಂಗವು ಸಕ್ಕರೆಯನ್ನೂ, ಅನಂತರ ಕೊಬ್ಬಿನಿಂದ ಕೀಟೋನ್ ಎಂಬ ಇಂಧನವನ್ನೂ ಒದಗಿಸುತ್ತದೆ. ಅಪಾಯವಿರುವುದು ಬೇರೆ ಕಡೆ. ಸಕ್ಕರೆರೋಗದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಎಚ್ಚರ ತಪ್ಪಬಹುದು. ಮತ್ತೆ ಮತ್ತೆ ಹಾಗಾಗುವುದು ಮುದಿ ಮೆದುಳಿಗೆ ನೇರವಾದ ಪೆಟ್ಟು. ನೀರನ್ನೂ ಬಿಟ್ಟ ಉಪವಾಸದಲ್ಲಿ, ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನುಂಗಿದವರಿಗೆ, ನೀರಿನಂಶ ಬತ್ತಿ ಸನ್ನಿಯಂಥ ಗೊಂದಲ ಬರುತ್ತದೆ. ಆಗ ಅವರು ಪಚ್ಚಖಾಣವನ್ನೇ ಮರೆತು ಊಟ ಕೇಳುವುದೂ ಉಂಟು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನೂ ತ್ಯಾಗವನ್ನೂ ಶಕ್ತಿಗೆ ತಕ್ಕಂತೆ ಎಂದೇ ವಿಧಿಸಲಾಗಿದೆ. ಅನಶನ ಸಾಧ್ಯವಾಗದವರಿಗೆ ಅವಮೌದರ್ಯವಿದೆ, ವೃತ್ತಿಪರಿಸಂಖ್ಯಾನವಿದೆ. ಸಲ್ಲೇಖನೆಯ ವಿಷಯವೇ ಬೇರೆ. ಅದು ಗುರುಸನ್ನಿಧಿಯಲ್ಲಿ, ಪೂರ್ಣ ಎಚ್ಚರದಲ್ಲಿ ಸ್ವೀಕರಿಸತಕ್ಕದ್ದು, ಮರೆವಿನಿಂದ ಊಟ ಬಿಟ್ಟವರ ಸ್ಥಿತಿಗೆ ಆ ಹೆಸರನ್ನು ಕೊಡುವಂತಿಲ್ಲ.

ನಿಯಮ ಬಿಡಲೊಪ್ಪದ ತಾಯಿಯ ಹಾಲಿಗೆ ಮಕ್ಕಳು ಕದ್ದು ಪುಡಿ ಬೆರೆಸುವುದನ್ನು ಕೆಲವು ಮನೆಗಳಲ್ಲಿ ಪ್ರೀತಿಯೆಂದು ಸಮರ್ಥಿಸುತ್ತಾರೆ. ಆಕೆ ಎಚ್ಚರವಿದ್ದಾಗ ಬಿಟ್ಟದ್ದನ್ನು ಆಕೆ ಅರಿಯದಂತೆ ಉಣಿಸುವುದು ವಂಚನೆ. ಇನ್ನೂ ನೆನಪಿರುವಾಗಲೇ ಅವರೊಡನೆ ಕುಳಿತು, ಮುಂದೆ ಯಾವ ವ್ರತವನ್ನು ಹೇಗೆ ನಡೆಸಿಕೊಡಬೇಕು, ಔಷಧಿಗೆ ಎಷ್ಟು ಅವಕಾಶ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬಹುದು. ಭಾದ್ರಪದ ಶುಕ್ಲ ಪಂಚಮಿಗೆ ಹದಿನೈದು ದಿನ ಮೊದಲು ಮನೆಯಲ್ಲಿರುವ ಮಾತ್ರೆಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ, ಉಪವಾಸದ ದಿನ ಯಾವುದನ್ನು ಬಿಡಬೇಕು, ಸೂರ್ಯಾಸ್ತದ ಒಳಗೆ ಯಾವುದನ್ನು ಕೊಡಬೇಕು ಎಂದು ಪ್ರತಿಯೊಂದರ ಮೇಲೂ ಗುರುತು ಹಾಕಿಸಿಕೊಂಡು ಬರುವುದು ಒಂದು ಬೆಳಗಿನ ಕೆಲಸ. ಪಾರಣೆಯ ದಿನ ಮೊದಲು ನೀರು, ಆಮೇಲೆ ಹೆಸರುಬೇಳೆಯ ಕಟ್ಟು, ಅದು ಇಳಿದ ಮೇಲೆ ಮುದ್ದೆ.